ಘೋಷಣೆಯಾದ ಮೇಲೆ ತೋಪು ಕಾಯುವವರು ಯಾರು?

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 54 ಎಕರೆ, ಮುನ್ನೂರರ ಆಸುಪಾಸು ಮರ. ಕೆಲವಕ್ಕೆ ನಾನ್ನೂರು ವರ್ಷ ದಾಟಿದೆಯೆನ್ನುತ್ತಾರೆ. ಇಷ್ಟು ಹಳೆಯ ಹುಣಸೆಯ ಬೊಡ್ಡೆ ಟೊಳ್ಳಾಗಿರುತ್ತದೆ; ಪೊಟರೆಗಳು ಗಿಳಿ, ಗೂಬೆಗಳಿಗೆ ಮನೆ. ಇಂಥ ಮರಕ್ಕೆ ಬಂದಳಿಕೆ ಹತ್ತಿದರೆ ರೆಂಬೆ ಏರಿ ಕಡಿಯಬೇಕು, ಬೇಸಿಗೆಯಲ್ಲಿ ತರಗೆಲೆಗೆ ಕಿಡಿ ತಾಗದಂತೆ ಕಾಯಬೇಕು, ಎಳೆಯ ಸಸಿಗೆ ಮೇಕೆ ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ವರ್ಷವೂ ತಪ್ಪದೆ ಬರುವ ಸಣ್ಣ ಮೊತ್ತ ಸಾಕು. ಆದರೆ ನಮ್ಮ ಸಂರಕ್ಷಣೆಯ ಲೆಕ್ಕದಲ್ಲಿ ದೊಡ್ಡ ಯೋಜನೆಗೆ ಸಿಗುವ ಜಾಗ ಇಂಥ ಸಣ್ಣ ಖರ್ಚಿಗೆ ಸಿಗುವುದಿಲ್ಲ.

ಹಣದ ದಾರಿಗಳು ಇಲ್ಲವೆಂದಲ್ಲ. 1973ರಲ್ಲಿ ಆರಂಭವಾದ ಹುಲಿ ಯೋಜನೆ ಬಂಡೀಪುರದಂಥ ಕಾಡುಗಳಿಗೆ ಆಸರೆಯಾಯಿತು, ಅದು ಸರಿಯಾದ ಖರ್ಚೇ. ಗಣಿ, ರಸ್ತೆಗೆ ಅರಣ್ಯ ಬಿಟ್ಟುಕೊಟ್ಟಾಗ ಕಟ್ಟಿಸಿಕೊಳ್ಳುವ ಹಣಕ್ಕೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯಿದೆ. ಅದರ ಶೇ 90 ಭಾಗ ರಾಜ್ಯಗಳಿಗೆ. ಆದರೆ ಹೆಸರೇ ಹೇಳುವಂತೆ ಅದರ ಒಲವು ಗಿಡ ನೆಡುವುದರ ಕಡೆಗೆ. ದೇವನಹಳ್ಳಿ ಇರುವ ಜಿಲ್ಲೆಗೆ ಹೊಂದಿಕೊಂಡ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಸಸಿ ನೆಟ್ಟರೆ, ನೆಲದಲ್ಲೇ ಗೂಡು ಕಟ್ಟುವ ಹಕ್ಕಿಗಳು ಜಾಗ ಕಳೆದುಕೊಳ್ಳುತ್ತವೆ. ಅದನ್ನು ಸಂರಕ್ಷಣಾ ಮೀಸಲು ಮಾಡಲು ಸಂಪುಟ ಒಪ್ಪಿದ್ದು 2024ರಲ್ಲಿ. ಅಲ್ಲಿಗೆ ಬೇಕಾದದ್ದು ಕಾವಲು, ಬೆಂಕಿ ತಡೆ, ಮೇವಿನ ಹದ.

ಕುಡಿಯುವ ನೀರಿಗೇ ಪರದಾಡುವ ಪಂಚಾಯಿತಿ ಮರಕ್ಕೆ ಎಲ್ಲಿಂದ ಹಣ ತಂದೀತು ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಭಾರವನ್ನು ಪಂಚಾಯಿತಿಯೊಂದರ ಮೇಲೆ ಹೊರಿಸಬಾರದು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸ್ಥಳೀಯ ಜೀವವೈವಿಧ್ಯ ನಿಧಿಯ ಏರ್ಪಾಡಿದೆ. ಅದಕ್ಕೆ ರಾಜ್ಯ ಸರ್ಕಾರ ಅನುದಾನ ಕೊಡಲು ಅವಕಾಶವೂ ಇದೆ. ಕಂಪನಿಗಳ ಸಾಮಾಜಿಕ ಹೊಣೆಯ ಹಣ ಸಾಲದೇ ಎಂದು ಇನ್ನು ಕೆಲವರು ಕೇಳುತ್ತಾರೆ. ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇದಕ್ಕೆ ಖರ್ಚು ಮಾಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಕೈಗಾರಿಕೆಗಳಿಂದ ಅದನ್ನು ಕೇಳಲೇಬೇಕು. ಆದರೆ ಆ ಹಣ ಲಾಭದ ಜೊತೆ ಏರಿ ಇಳಿಯುತ್ತದೆ, ಎಲ್ಲಿಗೆಂದು ಆರಿಸುವುದು ಕಂಪನಿ. ಕಾವಲುಗಾರನ ಸಂಬಳ ಹಾಗೆ ಏರಿಳಿಯಲಾಗದು. ಬೇಲಿ, ಬಾವಿ, ಸಮೀಕ್ಷೆಯಂಥ ಒಂದು ಸಲದ ಕೆಲಸಕ್ಕೆ ಕಂಪನಿಯ ಹಣ, ದಿನನಿತ್ಯದ ಆರೈಕೆಗೆ ಬಜೆಟ್‌ನ ಹಣ: ಹೀಗೆ ಹಂಚುವುದೇ ಸರಿ.

ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಸ್ಥಳೀಯ ಜೀವವೈವಿಧ್ಯ ನಿಧಿಯ ಖಾತೆ ತೆರೆದಿದೆಯೇ, ಅದರಲ್ಲಿ ಎಷ್ಟಿದೆ, ಕಳೆದ ವರ್ಷ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.