ಕಾರಿನ ಸಬ್‌ವೂಫರ್: ವ್ಯಾಟ್ ಕೇಳುವ ಮೊದಲು ಓಮ್ ಕೇಳಿ

ಮುಂಬಯಿ: ಮೇ ತಿಂಗಳ ರಜೆ, ದೀಪಾವಳಿ ಬಂತೆಂದರೆ ಮಹಾನಗರದ ಕನ್ನಡಿಗರ ಕಾರುಗಳು ಪನ್ವೇಲ್ ದಾಟಿ ಊರಿನತ್ತ ಮುಖ ಮಾಡುತ್ತವೆ. ಉಡುಪಿ, ಮಂಗಳೂರಿನವರೆಗಿನ ದೀರ್ಘ ಪ್ರಯಾಣಕ್ಕೆ ಹಾಡು ಬೇಕೇ ಬೇಕು. ಭಾಗವತರ ಪದ ಕೇಳಲು ಸಬ್‌ವೂಫರ್ ಏಕೆ ಎಂದು ಹಿರಿಯರು ಗೊಣಗಿದರೂ, ಮನೆಯ ಯುವಕರು ಕುರ್ಲಾದ ಸಿ.ಎಸ್.ಟಿ. ರಸ್ತೆಯ ಅಂಗಡಿಗಳಿಗೆ ಹೋಗಿ ಡಿಕ್ಕಿಯಲ್ಲಿ ಒಂದಲ್ಲ, ಎರಡು ಸಬ್‌ವೂಫರ್ ಕೂರಿಸಿಕೊಂಡು ಬರುತ್ತಾರೆ.

ಅಂಗಡಿಯಲ್ಲಿ ನಡೆಯುವ ಮಾತೆಲ್ಲ ವ್ಯಾಟಿನದ್ದೇ. ಆದರೆ ಆಂಪ್ಲಿಫೈಯರ್ ಸುಡುವುದು ಹೆಚ್ಚಾಗಿ ಓಮ್ ಲೆಕ್ಕ ತಪ್ಪಿದಾಗ. ಓಮ್ ಎಂದರೆ ಕರೆಂಟಿನ ಹರಿವಿಗೆ ಸ್ಪೀಕರ್ ಒಡ್ಡುವ ತಡೆ, ಅಂದರೆ ಇಂಪೀಡೆನ್ಸ್. ಈ ಅಂಕಿ ಇಳಿದಷ್ಟೂ ಆಂಪ್ಲಿಫೈಯರ್ ಮೇಲಿನ ಹೊರೆ ಏರುತ್ತದೆ ಎಂಬುದೇ ಹಲವರಿಗೆ ಗೊಂದಲ. ಆಂಪ್ಲಿಫೈಯರ್ 20 ವೋಲ್ಟ್ ಹೊರಡಿಸುತ್ತಿದೆ ಎನ್ನಿ. 4 ಓಮ್‌ಗೆ 5 ಆಂಪಿಯರ್, 100 ವ್ಯಾಟ್. 2 ಓಮ್‌ಗೆ 10 ಆಂಪಿಯರ್, 200 ವ್ಯಾಟ್. 1 ಓಮ್‌ಗೆ 20 ಆಂಪಿಯರ್, 400 ವ್ಯಾಟ್. ವ್ಯಾಟ್ ಏರಿತೆಂದು ಹಿಗ್ಗುವಂತಿಲ್ಲ, ಒಳಗಿನ ಟ್ರಾನ್ಸಿಸ್ಟರ್‌ಗಳ ಬಿಸಿಯೂ ಅದರೊಡನೆ ಏರುತ್ತದೆ.

ಎರಡು ಸಬ್‌ವೂಫರ್‌ಗಳನ್ನು ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದರೆ ಓಮ್ ಅರ್ಧಕ್ಕಿಳಿಯುತ್ತದೆ. ಬ್ಯಾಂಕಿನಲ್ಲಿ ಒಂದರ ಬದಲು ಎರಡು ಪಾವತಿ ಕೌಂಟರ್ ತೆರೆದಂತೆ: ಸಾಲು ಬೇಗ ಕರಗುತ್ತದೆ, ತಿಜೋರಿಯ ನಗದೂ ಅಷ್ಟೇ ಬೇಗ ಕರಗುತ್ತದೆ. ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿ ಜೋಡಿಸಿದರೆ ಓಮ್ ಕೂಡುತ್ತಾ ಹೋಗುತ್ತದೆ. 4 ಓಮ್‌ನ ಎರಡು ಸಬ್‌ವೂಫರ್ ಪ್ಯಾರಲಲ್‌ನಲ್ಲಿ 2 ಓಮ್, ಸೀರೀಸ್‌ನಲ್ಲಿ 8.

ಈಗ ಮಾರುಕಟ್ಟೆಯಲ್ಲಿ ಒಂದೇ ಸಬ್‌ವೂಫರಿನಲ್ಲಿ ಎರಡು ವಾಯ್ಸ್ ಕಾಯಿಲ್ ಇರುವ ಮಾದರಿಗಳೂ ಇವೆ. ಅಂತಹ 4 ಓಮ್‌ನ ಎರಡನ್ನು ತಂದರೆ ಒಟ್ಟು ನಾಲ್ಕು ಕಾಯಿಲ್. ನಾಲ್ಕನ್ನೂ ಪ್ಯಾರಲಲ್ ಮಾಡಿದರೆ 1 ಓಮ್. ಪ್ರತಿಯೊಂದರ ಎರಡು ಕಾಯಿಲ್‌ಗಳನ್ನು ಸೀರೀಸ್ ಮಾಡಿ, ಆ ಬಳಿಕ ಎರಡನ್ನೂ ಪ್ಯಾರಲಲ್ ಮಾಡಿದರೆ 4 ಓಮ್. ಅದೇ ಮಾಲು, ಅದೇ ಬಿಲ್ಲು; ತಂತಿ ಸುತ್ತಿದ ರೀತಿ ಮಾತ್ರ ಬೇರೆ.

ಹೆಚ್ಚಿನವರು ಎಡವುವುದು ಬ್ರಿಜ್ ಮಾಡುವಲ್ಲಿ. ಎರಡು ಚಾನೆಲ್‌ಗಳನ್ನು ಒಂದಾಗಿಸಿ ಸಬ್‌ವೂಫರಿಗೆ ಕೊಟ್ಟಾಗ ಪ್ರತಿ ಚಾನೆಲ್‌ಗೂ ಹೊರಗಿನ ಓಮ್‌ನ ಅರ್ಧ ಮಾತ್ರ ಕಾಣಿಸುತ್ತದೆ. ಆದ್ದರಿಂದ ಡಬ್ಬಿಯ ಮೇಲೆ 2 ಓಮ್‌ವರೆಗೆ ಸುರಕ್ಷಿತ ಎಂದು ಬರೆದಿದ್ದರೂ ಬ್ರಿಜ್‌ನಲ್ಲಿ ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗಿಳಿಯಬಾರದು. ಈ ಸಾಲು ಕೈಪಿಡಿಯಲ್ಲಿ ಬೇರೆಯಾಗಿಯೇ ಇರುತ್ತದೆ, ಓದುವವರು ಕಡಿಮೆ. ಓಮ್ ಕಡಿಮೆಯಾದಾಗ ಒಳ್ಳೆಯ ಆಂಪ್ಲಿಫೈಯರ್ ಪ್ರೊಟೆಕ್ಟ್ ದೀಪ ಹೊತ್ತಿಸಿ ತಾನೇ ನಿಲ್ಲುತ್ತದೆ. ಅಗ್ಗದ್ದು ಕೆಲವೊಮ್ಮೆ ಹೊಗೆಯಾಡಿದ ಮೇಲೆ ನಿಲ್ಲುತ್ತದೆ, ಅದೂ ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ರಿಸುತ್ತಿರುವಾಗ. ಓಮ್ ಹೆಚ್ಚಿದ್ದರೆ ಅಂತಹ ಭಯವಿಲ್ಲ, ಶಬ್ದ ಸ್ವಲ್ಪ ಕಡಿಮೆ ಅಷ್ಟೆ. ಆದರೆ ಅದನ್ನು ಸರಿದೂಗಿಸಲು ಗೇನ್ ತಿರುಗಿಸುತ್ತಲೇ ಹೋದರೆ ಧ್ವನಿ ಒಡೆಯುತ್ತದೆ, ಕಾಯಿಲ್ ಕಾಯುತ್ತದೆ.

ತಂತಿಯನ್ನು ಆಂಪ್ಲಿಫೈಯರಿಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಲು ಹೇಳಿ, ಎರಡು ನಿಮಿಷದ ಕೆಲಸ. 4 ಓಮ್ ಜೋಡಣೆ ಮೀಟರಿನಲ್ಲಿ 3.2ರಿಂದ 3.6ರ ಸುಮಾರಿಗೆ ತೋರಿಸುವುದು ಸಹಜ. 2ರ ಕೆಳಗೆ ತೋರಿಸಿದರೆ ಜೋಡಣೆ ಬೇರೆಯೇ ಆಗಿದೆ ಎಂದರ್ಥ. ಬ್ಯಾಟರಿಯಿಂದ ಬರುವ ದಪ್ಪ ತಂತಿಗೆ ಬ್ಯಾಟರಿಯ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು. ಈ ಫ್ಯೂಸ್ ತಂತಿಗೆ ಬೆಂಕಿ ಹತ್ತದಂತೆ ಕಾಯುತ್ತದೆಯೇ ಹೊರತು ತಪ್ಪು ಓಮ್‌ನಿಂದ ಆಂಪ್ಲಿಫೈಯರನ್ನು ಉಳಿಸುವುದಿಲ್ಲ.

ಬಿಲ್ಲಿನ ಹಿಂಬದಿಯಲ್ಲಿ ಜೋಡಣೆಯ ಒಟ್ಟು ಓಮ್ ಎಷ್ಟು, ಬ್ರಿಜ್ ಮಾಡಿದೆಯೇ ಎಂದು ಅಂಗಡಿಯವರಿಂದಲೇ ಬರೆಸಿಕೊಂಡರೆ ಮುಂದೆ ಊರಿನ ಮೆಕ್ಯಾನಿಕ್‌ಗೂ ಅನುಕೂಲ. ಹೊರಗಿನಿಂದ ಹಾಕಿಸಿದ ಇಂತಹ ಸಾಮಾನನ್ನು ವಿಮಾ ಕಂಪನಿಗೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸದಿದ್ದರೆ ಅದರ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ.