ಹೊರೆ ಹೊತ್ತ ಬಂಡಿಯನ್ನು ಹೊರುವವರು ಯಾರು?

ವಸ್ತುವೊಂದನ್ನು ಮಾರುವುದೆಂದರೆ ಬೆಲೆ ಕುದುರಿಸಿ ಹಣ ಎಣಿಸಿಕೊಳ್ಳುವುದು ಎಂದೇ ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ವಸ್ತು ಕೈಯಿಂದ ಕೈಗೆ ಹೋಗುವಷ್ಟು ಚಿಕ್ಕದಾಗಿದ್ದು, ಕೊಳ್ಳುವವನು ಎದುರಿಗೇ ನಿಂತಿದ್ದರೆ ಈ ತಿಳಿವಳಿಕೆ ಸರಿಯೆ. ಆದರೆ ವಸ್ತುವಿನ ತೂಕ ಒಂದೂವರೆ ಟನ್ನಿನ ಹತ್ತಿರ, ಅದರ ವಯಸ್ಸು ಎಪ್ಪತ್ತನ್ನು ಮೀರಿದ್ದು, ಕೊಂಡವನ ಮನೆ ಎರಡು ಸಾವಿರ ಮೈಲಿಗಳಾಚೆ ಎಂದಾದರೆ, ವ್ಯಾಪಾರದ ನಿಜವಾದ ಕಷ್ಟ ಹಣ ಕೈಸೇರಿದ ಮೇಲೆ ಆರಂಭವಾಗುತ್ತದೆ. ಅಮೆರಿಕದಲ್ಲಿ ಹಳೆಯ ಪಿಕಪ್ ಟ್ರಕ್ಕುಗಳನ್ನು ಮಾರುವವರೂ ಕೊಳ್ಳುವವರೂ ಈ ಮಾತನ್ನು ಅನುಭವದಿಂದ ಬಲ್ಲರು. ಬೆಲೆ ಗೊತ್ತಾಗುವುದು ಒಂದು ಸಂಜೆಯ ಮಾತುಕತೆಯಲ್ಲಿ. ಬಂಡಿ ಮನೆ ಮುಟ್ಟುವುದು ವಾರಗಳ ತರುವಾಯ.

ಪಿಕಪ್ ಟ್ರಕ್ಕೆಂಬುದು ಒಕ್ಕಲುತನದ ಅಗತ್ಯದಿಂದ ಹುಟ್ಟಿದ ವಾಹನ. ಮೊದಮೊದಲು ಅಮೆರಿಕದ ರೈತರು ತಮ್ಮ ಮೋಟಾರಿನ ಹಿಂಭಾಗಕ್ಕೆ ತಾವೇ ಮರದ ಪೆಟ್ಟಿಗೆಯೊಂದನ್ನು ಕೂಡಿಸಿಕೊಂಡು ಮೇವು, ಧಾನ್ಯ, ಹಾಲಿನ ಕ್ಯಾನುಗಳನ್ನು ಸಾಗಿಸುತ್ತಿದ್ದರು. ೧೯೨೫ರಲ್ಲಿ ಫೋರ್ಡ್ ಕಂಪೆನಿ ತನ್ನ ಪ್ರಸಿದ್ಧ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಲ್ಲಿಯೇ ಇಂಥ ಪೆಟ್ಟಿಗೆಯನ್ನು ಜೋಡಿಸಿ ೨೮೧ ಡಾಲರಿಗೆ ಮಾರಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ೧೯೪೭ರಲ್ಲಿ ಶೆವ್ರೊಲೆಯ ‘ಅಡ್ವಾನ್ಸ್ ಡಿಸೈನ್’ ಟ್ರಕ್ಕುಗಳೂ ೧೯೪೮ರಲ್ಲಿ ಫೋರ್ಡಿನ ‘ಎಫ್’ ಸಾಲಿನ ಟ್ರಕ್ಕುಗಳೂ ಬಂದವು. ದುಂಡನೆಯ ಮೂತಿ, ಉಬ್ಬಿದ ಚಕ್ರಗವಸು, ಹಿಂದೆ ಮರದ ಹಲಗೆಗಳ ನೆಲ: ಈಗ ಸಂಗ್ರಹಕಾರರ ಮನಸ್ಸನ್ನು ಸೆಳೆಯುವ ರೂಪ ಇದೇ. ಒಂದು ಕಾಲದಲ್ಲಿ ಊರ ಹೊರೆಯನ್ನೆಲ್ಲ ಹೊತ್ತ ಈ ಬಂಡಿ ಇಂದು ತಾನೇ ಹೊರೆಯಾಗಿ ಇನ್ನೊಂದು ಬಂಡಿಯ ಬೆನ್ನೇರಬೇಕಾಗಿದೆ. ಕಾಲದ ಹಾಸ್ಯವೆಂದರೆ ಇದು.

ಇಷ್ಟು ದೂರದ ಪ್ರಯಾಣ ಏತಕ್ಕೆ, ಹತ್ತಿರದಲ್ಲೇ ಹಳೆಯ ಟ್ರಕ್ಕು ಸಿಕ್ಕಲಾರದೆ, ಎಂದು ಓದುಗರು ಕೇಳಬಹುದು. ಇದಕ್ಕೆ ಉತ್ತರ ಉಪ್ಪಿನಲ್ಲಿದೆ. ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಮಹಾಸರೋವರಗಳ ಸುತ್ತಣ ರಾಜ್ಯಗಳಲ್ಲಿಯೂ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಗಾಡಿಯ ಅಡಿಯಲ್ಲಿ ಸೇರಿ, ಹಲವು ಚಳಿಗಾಲ ಕಳೆಯುವಷ್ಟರಲ್ಲಿ ಉಕ್ಕಿನ ತಗಡನ್ನು ತಿಂದುಬಿಡುತ್ತದೆ. ಮಳೆ ಕಡಮೆಯಿರುವ ಅರಿಜೋನ, ನ್ಯೂಮೆಕ್ಸಿಕೊ ಮೊದಲಾದ ಪಶ್ಚಿಮದ ರಾಜ್ಯಗಳಲ್ಲಾದರೋ ಕೊಟ್ಟಿಗೆಯ ಮೂಲೆಯಲ್ಲೋ ಬೇಲಿಯ ಪಕ್ಕದಲ್ಲೋ ದಶಕಗಳ ಕಾಲ ನಿಂತ ಗಾಡಿಯ ಬಣ್ಣ ಬಿಸಿಲಿಗೆ ಮಾಸಿದರೂ ಮೈ ಗಟ್ಟಿಯಾಗಿ ಉಳಿಯುತ್ತದೆ. ಹೀಗಾಗಿ ಒಳ್ಳೆಯ ಹಳೆಯ ಟ್ರಕ್ಕುಗಳು ಉಳಿದಿರುವುದು ಒಂದು ದಿಕ್ಕಿನಲ್ಲಿ, ಅವುಗಳಿಗೆ ಹಂಬಲಿಸುವ ಬಹುಮಂದಿ ಇರುವುದು ಇನ್ನೊಂದು ದಿಕ್ಕಿನಲ್ಲಿ. ೧೯೫೪ರಲ್ಲಿ ಆರಂಭವಾದ ‘ಹೆಮ್ಮಿಂಗ್ಸ್ ಮೋಟಾರ್ ನ್ಯೂಸ್’ ಎಂಬ ಪತ್ರಿಕೆಯ ಜಾಹೀರಾತುಗಳು ಈ ಎರಡು ದಿಕ್ಕುಗಳನ್ನು ಬಹುಕಾಲ ಬೆಸೆದವು. ಆಗ ಕೊಳ್ಳುವವನು ಅನೇಕ ವೇಳೆ ತಾನೇ ಹೋಗಿ ನೋಡಿ, ಬಾನೆಟ್ಟು ಎತ್ತಿಸಿ, ಮಾರುವವನ ಮುಖವನ್ನೂ ಓದಿಕೊಂಡು ಬರುತ್ತಿದ್ದ. ಇಂಟರ್‌ನೆಟ್ಟಿನ ಹರಾಜು ಬಂದ ಮೇಲೆ ಹತ್ತಾರು ಚಿತ್ರಗಳನ್ನು ನೋಡಿ ಕುಳಿತಲ್ಲಿಂದಲೇ ಕೊಳ್ಳುವುದು ರೂಢಿಯಾಗಿದೆ. ಕಣ್ಣು ದೂರ ಹೋಯಿತು. ಕಾಲು ಮನೆಯಲ್ಲೇ ಉಳಿಯಿತು. ನಡುವಣ ದೂರವನ್ನು ತುಂಬುವ ಕೆಲಸ ಮೂರನೆಯವನ ಪಾಲಿಗೆ ಬಂತು.

ಗಾಡಿಯನ್ನು ಓಡಿಸಿಕೊಂಡೇ ಹೋಗಬಾರದೆ? ಬಯಸುವವರುಂಟು, ಸಾಧಿಸಿದವರೂ ಉಂಟು. ಆದರೆ ಹೊಲದ ಕೆಲಸಕ್ಕೆಂದು ಮಾಡಿದ ಈ ಟ್ರಕ್ಕುಗಳ ಗೇರು ಬಲಕ್ಕೆ ಹೊಂದಿಸಿದ್ದೇ ಹೊರತು ವೇಗಕ್ಕಲ್ಲ. ಗಂಟೆಗೆ ಎಪ್ಪತ್ತು ಮೈಲಿಯ ಪ್ರವಾಹದಲ್ಲಿ ನಲವತ್ತೈದರ ಗಾಡಿ ತನಗೂ ಇತರರಿಗೂ ಅಪಾಯ. ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಎಣ್ಣೆಯ ದಾರಿ. ಅದು ಎಲ್ಲಿ ಸೋರಿದರೂ ನಾಲ್ಕೂ ಬ್ರೇಕುಗಳು ಒಟ್ಟಿಗೆ ಕೈಕೊಡುತ್ತವೆ. ಆದುದರಿಂದ ಬೇರೊಂದು ವಾಹನದ ಮೇಲೆ ಸಾಗಿಸುವುದೇ ವಿವೇಕದ ಮಾತು.

ಇಲ್ಲಿಂದ ದಲ್ಲಾಳಿಯ ಪ್ರವೇಶ. ಗಾಡಿ ಸಾಗಿಸುವುದಾಗಿ ಜಾಹೀರಾತು ಕೊಡುವವರಲ್ಲಿ ಅನೇಕರಿಗೆ ಸ್ವಂತದ ಒಂದು ಲಾರಿಯೂ ಇರುವುದಿಲ್ಲ. ಗಿರಾಕಿಯಿಂದ ಊರು, ದಿನ, ಗಾಡಿಯ ವಿವರಗಳನ್ನು ಬರೆದುಕೊಂಡು, ಲಾರಿ ಉಳ್ಳವರೆಲ್ಲ ನೋಡುವ ಸಾಮಾನ್ಯ ಪಟ್ಟಿಯೊಂದರಲ್ಲಿ ಅದನ್ನು ಪ್ರಕಟಿಸುವುದು ಅವರ ಕಸುಬು. ಈ ಕಸುಬು ಕಾನೂನಿಗೆ ಸಮ್ಮತವಾದುದು. ಅದರಿಂದ ಉಪಯೋಗವೂ ಉಂಟು. ತೊಡಕಿರುವುದು ಬಾಡಿಗೆಯ ಮಾತಿನಲ್ಲಿ. ಗಿರಾಕಿ ನಾಲ್ಕಾರು ಕಡೆ ವಿಚಾರಿಸಿ ಎಲ್ಲರಿಗಿಂತ ಕಡಮೆ ಹೇಳಿದವನನ್ನು ಆರಿಸುತ್ತಾನೆ. ಆ ಕಡಮೆ ಬಾಡಿಗೆ ದಲ್ಲಾಳಿಯ ಬಾಯಲ್ಲಿ ಹುಟ್ಟಿದ್ದು. ಅದಕ್ಕೆ ಯಾವ ಲಾರಿಯವನೂ ಇನ್ನೂ ಒಪ್ಪಿರುವುದಿಲ್ಲ. ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಬಾಡಿಗೆಯ ಗಾಡಿಗಳು ಬೇಕಾದಷ್ಟಿರುವಾಗ ಲಾರಿಯವನು ಇದನ್ನೇಕೆ ಮುಟ್ಟಿಯಾನು? ವಾರ ಕಳೆದ ಮೇಲೆ ದಲ್ಲಾಳಿ ವಿನಯದಿಂದ ತಿಳಿಸುತ್ತಾನೆ: ಇನ್ನಷ್ಟು ಡಾಲರು ಸೇರಿಸಿದರೆ ನಾಳೆಯೇ ಕೆಲಸವಾದೀತು. ಮುಂಗಡ ಕೊಟ್ಟಾಗಿದೆ; ಮಾರಿದವನು ಜಾಗ ತೆರವು ಮಾಡಿರೆಂದು ಅವಸರಪಡಿಸುತ್ತಿದ್ದಾನೆ. ಕೊಂಡವನು ಹಲ್ಲು ಕಚ್ಚಿ ಒಪ್ಪುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಸ್ಥಿತಿ ಹಿಂದೆ ಹೀಗಿರಲಿಲ್ಲ. ೧೯೩೫ರ ಕಾನೂನಿನಂತೆ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಲಾರಿಗಳು ೧೮೮೭ರಲ್ಲಿ ಸ್ಥಾಪಿತವಾಗಿದ್ದ ಅಂತರರಾಜ್ಯ ವಾಣಿಜ್ಯ ಆಯೋಗದ ಅಂಕೆಗೆ ಒಳಪಟ್ಟವು. ಸಾಗಣೆಯವರು ತಮ್ಮ ಬಾಡಿಗೆಯ ದರವನ್ನು ಆಯೋಗಕ್ಕೆ ಸಲ್ಲಿಸಿ ಪ್ರಕಟಿಸಬೇಕಿತ್ತು. ಹೊಸಬರು ವೃತ್ತಿಗೆ ಕಾಲಿಡುವುದು ಸುಲಭವಾಗಿರಲಿಲ್ಲ. ೧೯೮೦ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಈ ಬಿಗಿಯನ್ನು ಸಡಿಲಿಸಿತು. ೧೯೯೫ರ ಕೊನೆಗೆ ಆಯೋಗವೇ ಮುಚ್ಚಿತು. ಸ್ಪರ್ಧೆಯಿಂದ ಬಾಡಿಗೆ ಇಳಿಯಿತೆಂಬುದು ನಿಜ. ಹಾಗೆಯೇ, ಹೇಳಿದ ಬಾಡಿಗೆ ಮಾತಿನಂತೆ ನಿಲ್ಲಬೇಕೆಂಬ ನಿರ್ಬಂಧವೂ ಇಳಿಯಿತು.

ಇನ್ನು ಲಾರಿಯವನ ಕಡೆಯಿಂದ ನೋಡೋಣ. ಅವನನ್ನು ಕೇವಲ ಖಳನೆಂದು ತಿಳಿಯುವುದು ನ್ಯಾಯವಲ್ಲ. ಎಂಟು ಹತ್ತು ಗಾಡಿಗಳನ್ನು ಎರಡು ಅಂತಸ್ತಿನಲ್ಲಿ ಹೊತ್ತ ಅವನ ವಾಹನ ಎಂಬತ್ತು ಅಡಿಯವರೆಗೂ ಉದ್ದವಿರಬಹುದು. ಒಂದು ಪಾಳಿಯಲ್ಲಿ ಹನ್ನೊಂದು ಗಂಟೆಗಿಂತ ಹೆಚ್ಚು ಹೊತ್ತು ಅವನು ಚಕ್ರ ಹಿಡಿಯಬಾರದೆಂದು ಕಾನೂನು ವಿಧಿಸಿದೆ. ೨೦೧೭ರ ಡಿಸೆಂಬರಿನಿಂದೀಚೆಗೆ ಇದರ ಲೆಕ್ಕವನ್ನು ಬಹುತೇಕ ಲಾರಿಗಳಲ್ಲಿ ಯಂತ್ರವೇ ಇಡುತ್ತದೆ. ಮೊಂಟಾನದ ಬಯಲಿನಲ್ಲಿ ಹೆದ್ದಾರಿಯಿಂದ ಅರವತ್ತು ಮೈಲಿ ಒಳಗೆ, ಜಲ್ಲಿ ರಸ್ತೆಯ ಕೊನೆಯ ಕೊಟ್ಟಿಗೆಯಲ್ಲಿ ಒಂದು ಹಳೆಯ ಟ್ರಕ್ಕಿದೆಯೆಂದು ಇಟ್ಟುಕೊಳ್ಳೋಣ. ಅದೊಂದಕ್ಕಾಗಿ ಹೋಗಿಬರುವ ನೂರಿಪ್ಪತ್ತು ಮೈಲಿಯಲ್ಲಿ ಅವನ ಅರ್ಧ ದಿನ ಕಳೆಯುತ್ತದೆ. ಮಿಕ್ಕ ಜಾಗಗಳು ತುಂಬದೆ ಹೊರಟರೆ ಎಣ್ಣೆಯ ಖರ್ಚೂ ಗಿಟ್ಟದು. ಚಳಿಗಾಲದಲ್ಲಿ ವಯೋಮಿಂಗಿನ ಹೆದ್ದಾರಿ ಗಾಳಿಗೂ ಹಿಮಕ್ಕೂ ಮುಚ್ಚಿದರೆ ತೆರೆಯುವವರೆಗೆ ಕಾಯುವುದೊಂದೇ ಗತಿ. ಇದರಿಂದಲೇ ನಾಲ್ಕು ದಿನದ ದಾರಿ ನಾಲ್ಕು ವಾರದ ಪ್ರಯಾಣವಾಗುತ್ತದೆ. ಬರುತ್ತೇನೆಂದ ದಿನ ಅವನು ಬರಲಾಗದೆ ಹೋದುದಕ್ಕಿಂತ, ಬರುವುದಿಲ್ಲವೆಂಬ ಒಂದು ಮಾತನ್ನು ಯಾರೂ ತಿಳಿಸದೆ ಹೋದುದೇ ಕಾದವರ ಮನಸ್ಸನ್ನು ನೋಯಿಸುತ್ತದೆ.

ಕೊನೆಗೊಂದು ದಿನ ಲಾರಿ ಬಂತೆನ್ನೋಣ. ಹಳೆಯ ಗಾಡಿಯ ಸ್ವಭಾವ ಹೊಸ ಕಾಲದ ಚಾಲಕನಿಗೆ ತಿಳಿಯದು. ೧೯೫೦ರ ಶೆವ್ರೊಲೆ ಕೀಲಿ ತಿರುಗಿಸಿದ ಮಾತ್ರಕ್ಕೆ ಏಳುವುದಿಲ್ಲ. ಚೋಕ್ ಗುಂಡಿಯನ್ನು ಎಳೆದು, ನೆಲದ ಮೇಲಿನ ಸ್ಟಾರ್ಟರನ್ನು ಕಾಲಿನಿಂದ ಒತ್ತಬೇಕು. ಅದರ ಬ್ಯಾಟರಿ ಆರು ವೋಲ್ಟಿನದು. ಹನ್ನೆರಡು ವೋಲ್ಟಿನ ತಂತಿ ತಗುಲಿಸಿದರೆ ದೀಪಗಳು ಸುಟ್ಟಾವು. ಕ್ಲಚ್ಚಿನ ಪರಿಚಯವೇ ಇಲ್ಲದವರೂ ಈಗ ಆ ದೇಶದಲ್ಲಿ ಬಹಳ. ಗಾಡಿ ಹೊರಡದಿದ್ದರೆ ಅದು ‘ಓಡದ ಗಾಡಿ’ಯೆಂದು ಗಣನೆಗೆ ಬಂದು, ವಿಂಚಿನ ಹಗ್ಗದಿಂದ ಮೇಲೆಳೆಯುವುದಕ್ಕೆ ಬೇರೆ ಬಾಡಿಗೆ ಬೀಳುತ್ತದೆ. ಎಂಜಿನ್ನು ಎಣ್ಣೆ ತೊಟ್ಟಿಕ್ಕಿಸುತ್ತಿದ್ದರೆ ಮೇಲಂತಸ್ತಿನಲ್ಲಿ ಇಡುವಂತಿಲ್ಲ. ಕೆಳಗೆ ಬೇರೊಬ್ಬರ ಹೊಸ ಕಾರಿರುತ್ತದೆ. ಎಲ್ಲಿ ಕೊಕ್ಕೆ ಹಾಕಬೇಕು, ಎಲ್ಲಿ ಪಟ್ಟಿ ಬಿಗಿಯಬೇಕು ಎಂಬುದನ್ನು ಅರಿಯದೆ ಎಳೆದರೆ, ಮೂರು ತಲೆಮಾರು ಜೋಪಾನ ಮಾಡಿದ ತಗಡು ಒಂದು ಗಳಿಗೆಯಲ್ಲಿ ನಗ್ಗುತ್ತದೆ. ಮುಚ್ಚಿದ ಲಾರಿಯಲ್ಲಿ, ನುರಿತವರ ಕೈಯಲ್ಲಿ ಕಳುಹಿಸಬಹುದು, ದಿಟ. ಅದರ ಬಾಡಿಗೆ ತೆರೆದ ಲಾರಿಯದಕ್ಕಿಂತ ಬಹಳ ಹೆಚ್ಚು.

ಹಾನಿಯಾದರೆ ಉತ್ತರ ಹೇಳಬೇಕಾದವರು ಯಾರು? ಇದೇ ಈ ವಿಷಯದ ತಿರುಳು. ಮಾರಿದವನು ‘ನನ್ನ ಅಂಗಳ ಬಿಡುವಾಗ ಸರಿಯಿತ್ತು’ ಎನ್ನುತ್ತಾನೆ. ದಲ್ಲಾಳಿ ‘ನಾನು ಲಾರಿಯವನಲ್ಲ’ ಎನ್ನುತ್ತಾನೆ. ಲಾರಿಯವನು ‘ಇದು ಮೊದಲೇ ಇದ್ದ ಗೀರು’ ಎನ್ನುತ್ತಾನೆ. ಒಬ್ಬೊಬ್ಬರ ಮಾತಿನಲ್ಲೂ ಒಂದಿಷ್ಟು ಸತ್ಯವಿರುವುದರಿಂದಲೇ ಒಟ್ಟಿನಲ್ಲಿ ಅನ್ಯಾಯವಾಗುತ್ತದೆ. ರೈಲುಗಳ ಕಾಲದಲ್ಲಿಯೂ ಇಂಥದೇ ಗೊಂದಲವಿತ್ತು. ಸರಕು ಹಲವು ಕಂಪೆನಿಗಳ ಕೈದಾಟಿ ಹೋಗುತ್ತಿದ್ದಾಗ ಎಲ್ಲಿ ಕೆಟ್ಟಿತೆಂದು ಸಾಧಿಸುವುದು ಬಡ ಗಿರಾಕಿಗೆ ಅಸಾಧ್ಯವಾಗಿತ್ತು. ೧೯೦೬ರಲ್ಲಿ ಬಂದ ಕಾರ್ಮಾಕ್ ತಿದ್ದುಪಡಿ ಈ ಗಂಟನ್ನು ಬಿಡಿಸಿತು: ಸರಕನ್ನು ಮೊದಲು ಒಪ್ಪಿಕೊಂಡವನು ಕೊನೆಯವರೆಗೂ ಹೊಣೆ, ಸರಿಯಾದ ಸ್ಥಿತಿಯಲ್ಲಿ ಪಡೆದು ಕೆಟ್ಟ ಸ್ಥಿತಿಯಲ್ಲಿ ಒಪ್ಪಿಸಿದರೆ ತನ್ನ ನಿರಪರಾಧವನ್ನು ಅವನೇ ಸಾಧಿಸಬೇಕು. ಆ ನ್ಯಾಯ ಈಗ ಲಾರಿಗಳಿಗೂ ಅನ್ವಯಿಸುತ್ತದೆ. ನಷ್ಟವನ್ನು ಲಿಖಿತವಾಗಿ ಕೇಳಲು ಒಂಬತ್ತು ತಿಂಗಳಿಗಿಂತ ಕಡಮೆ ಅವಧಿ ಕೊಡುವಂತಿಲ್ಲ. ಅದನ್ನು ನಿರಾಕರಿಸಿದ ಮೇಲೆ ದಾವೆ ಹೂಡಲು ಎರಡು ವರ್ಷಕ್ಕಿಂತ ಕಡಮೆ ಕೊಡುವಂತಿಲ್ಲ.

ಆದರೆ ಕಾನೂನಿನ ಬೇಲಿಯಲ್ಲೂ ಕಂಡಿಗಳುಂಟು. ಬರೆಹದ ಒಪ್ಪಂದದ ಮೂಲಕ ಲಾರಿಯವನು ತನ್ನ ಹೊಣೆಯನ್ನು ಇಂತಿಷ್ಟು ಹಣಕ್ಕೆಂದು ಮಿತಗೊಳಿಸಿಕೊಳ್ಳಬಹುದು. ೨೦೧೧ರಿಂದೀಚೆಗೆ, ಮನೆಸಾಮಾನು ಸಾಗಿಸುವವರನ್ನು ಬಿಟ್ಟು ಮಿಕ್ಕ ಸರಕಿನ ಲಾರಿಗಳವರು ಹೊತ್ತ ಸರಕಿಗೆ ವಿಮೆ ಮಾಡಿಸಲೇಬೇಕೆಂಬ ಒಕ್ಕೂಟ ಸರಕಾರದ ಕಡ್ಡಾಯವಿಲ್ಲ. ದಲ್ಲಾಳಿಯು ಕಾರ್ಮಾಕ್ ನ್ಯಾಯಕ್ಕೆ ಒಳಗಾಗುವುದಿಲ್ಲ; ಅವನು ಇಡಬೇಕಾದ ಜಾಮೀನನ್ನು ೨೦೧೩ರಲ್ಲಿ ಹತ್ತು ಸಾವಿರದಿಂದ ಎಪ್ಪತ್ತೈದು ಸಾವಿರ ಡಾಲರಿಗೆ ಏರಿಸಿದರೂ, ಅದು ಅವನ ಎಲ್ಲ ವ್ಯವಹಾರಗಳಿಗೂ ಸೇರಿ ಇರುವ ಒಂದೇ ಗಂಟು.

ಆದುದರಿಂದ ಎಲ್ಲ ಭಾರವೂ ಬಂದು ಕೂರುವುದು ‘ಬಿಲ್ ಆಫ್ ಲೇಡಿಂಗ್’ ಎಂಬ ಒಂದು ಹಾಳೆಯ ಮೇಲೆ. ನಮ್ಮ ಲಾರಿ ಕಚೇರಿಗಳ ರಸೀತಿಯಂಥದು ಅದು. ಗಾಡಿಯನ್ನು ಏರಿಸುವಾಗ ಅದರ ಗೀರು, ಕಲೆ, ನಗ್ಗುಗಳನ್ನೆಲ್ಲ ಅದರಲ್ಲಿ ಗುರುತಿಸುತ್ತಾರೆ. ಇಳಿಸುವಾಗ ಮತ್ತೆ ಹೋಲಿಸಿ ನೋಡುತ್ತಾರೆ. ನೋಡಬೇಕು, ಎಂದರೆ ಸರಿಯಾದೀತು. ಉದ್ದನೆಯ ಲಾರಿ ಮನೆಯ ಬೀದಿಗೆ ನುಗ್ಗಲಾರದೆ ರಾತ್ರಿ ಹತ್ತು ಗಂಟೆಗೆ ಯಾವುದೋ ಅಂಗಡಿಯ ಬಯಲಿನಲ್ಲಿ ನಿಲ್ಲುತ್ತದೆ. ಚಾಲಕನಿಗೆ ಮುಂದಿನ ಊರಿನ ಅವಸರ. ಮಳೆ ಹನಿಯುತ್ತಿದೆ. ತಿಂಗಳಿಂದ ಕಾದ ಗಾಡಿ ಕಣ್ಣೆದುರಿಗೆ ಬಂದ ಸಂತೋಷದಲ್ಲಿ ಕೊಂಡವನು ಓದದೆ ಸಹಿ ಹಾಕುತ್ತಾನೆ. ಹಾನಿಯನ್ನು ಬರೆಯದೆ ಹಾಕಿದ ಆ ಸಹಿ, ಗಾಡಿ ಸುಸ್ಥಿತಿಯಲ್ಲಿ ಬಂತೆಂಬುದಕ್ಕೆ ಅವನೇ ಕೊಟ್ಟ ಸಾಕ್ಷಿಯಾಗುತ್ತದೆ. ಬೆಳಗಿನ ಬೆಳಕಿನಲ್ಲಿ ಕಂಡ ನಗ್ಗಿಗೆ ಕಾರಣ ಕೇಳಹೊರಟರೆ ತನ್ನ ಸಹಿಯೊಡನೆಯೇ ಅವನು ವಾದಿಸಬೇಕು.

ಮಾರುವವನಿಗೂ ಭಯವಿಲ್ಲದೆ ಇಲ್ಲ. ಅವನನ್ನು ಗುರಿಯಿಟ್ಟ ಮೋಸವೊಂದು ಆ ದೇಶದಲ್ಲಿ ಪ್ರಸಿದ್ಧವಾಗಿದೆ. ಕೊಳ್ಳುವವನೆಂದು ಹೇಳಿಕೊಂಡವನು ಬೆಲೆಗಿಂತ ಹೆಚ್ಚಿನ ಮೊತ್ತದ ಚೆಕ್ಕನ್ನು ಕಳುಹಿಸಿ, ಹೆಚ್ಚಿನದನ್ನು ತನ್ನ ಸಾಗಣೆಯವನಿಗೆ ಕೊಡಬೇಕೆಂದು ಕೋರುತ್ತಾನೆ. ಬ್ಯಾಂಕು ಹಣವನ್ನು ಮೊದಲು ಜಮಾ ತೋರಿಸುತ್ತದೆ. ಚೆಕ್ಕು ಕೃತಕವೆಂದು ತಿಳಿಯಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಮಾರುವವನ ಸ್ವಂತ ಹಣ ಇಲ್ಲದ ಸಾಗಣೆಯವನ ಕೈ ಸೇರಿರುತ್ತದೆ. ಸಾಗಣೆಯೆಂಬುದು ಯಾರಿಗೂ ಸ್ಪಷ್ಟವಾಗಿ ಕಾಣದ ನಡುವಣ ಜಾಗವಾದ್ದರಿಂದಲೇ ಕಳ್ಳನಿಗೆ ಅಲ್ಲಿ ಅವಿತುಕೊಳ್ಳುವುದು ಸುಲಭವಾಯಿತು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಎಲ್ಲರಿಗಿಂತ ಕಡಮೆ ಬಾಡಿಗೆಯನ್ನು ಎಲ್ಲರಿಗಿಂತ ಹೆಚ್ಚು ಸಂಶಯದಿಂದ ನೋಡುವುದು, ಲಾರಿಯವನ ಹೆಸರನ್ನೂ ವಿಮೆಯ ಪತ್ರವನ್ನೂ ಮೊದಲೇ ಕೇಳುವುದು, ಏರಿಸುವ ಮುನ್ನ ಹಗಲಿನಲ್ಲಿ ಚಿತ್ರ ತೆಗೆದಿಡುವುದು, ಗಾಡಿಯನ್ನು ಎಬ್ಬಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಚಕ್ರಕ್ಕೆ ಕಟ್ಟುವುದು, ಎಷ್ಟೇ ಕತ್ತಲಾದರೂ ದೀಪ ಹಿಡಿದು ನೋಡಿ ಕಂಡದ್ದನ್ನು ಬರೆದ ಮೇಲೆಯೇ ಸಹಿ ಹಾಕುವುದು: ಬಲ್ಲವರು ಇಷ್ಟನ್ನು ಮಾಡುತ್ತಾರೆ. ಇವೆಲ್ಲ ಸಣ್ಣ ಎಚ್ಚರಗಳು. ಅವುಗಳ ಹಿಂದಿರುವ ಮಾತು ಮಾತ್ರ ಸಣ್ಣದಲ್ಲ. ದೂರದ ವ್ಯಾಪಾರ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ದಲ್ಲಾಳಿ, ಲಾರಿಯವನು, ವಿಮೆಯವನು, ಬ್ಯಾಂಕಿನವನು ಎಂದು ತುಂಡು ತುಂಡಾಗಿ ಹಂಚಿದಾಗ ಯಾರ ಪಾಲಿಗೂ ಇಡಿಯ ಹೊಣೆ ಉಳಿಯುವುದಿಲ್ಲ. ಕೊಂಡವನು ನಾಲ್ವರಿಗೆ ಹಣ ಕೊಟ್ಟು, ‘ನಿಮ್ಮ ಗಾಡಿ ಈಗ ಇಂಥಲ್ಲಿದೆ’ ಎಂಬ ಒಂದು ಮಾತಿಗಾಗಿ ಬಾಗಿಲಲ್ಲಿ ಕಾಯುತ್ತಾನೆ.

ಮಾರಿದವನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಎಷ್ಟೋ ಸಲ ಆ ಟ್ರಕ್ಕು ಅವನ ತಂದೆಯದೋ ಅಜ್ಜನದೋ ಆಗಿರುತ್ತದೆ. ಬಾಗಿಲಿನ ಮೇಲೆ ಹೊಲದ ಹೆಸರು ಅರ್ಧ ಮಾಸಿ ಉಳಿದಿರುತ್ತದೆ. ಎಡ ಮೊಣಕೈ ಊರಿದ ಕಡೆ ಬಣ್ಣ ಸವೆದಿರುತ್ತದೆ. ಹಣ ಪಡೆದಂದೇ ಅದು ಅವನದಲ್ಲ. ಆದರೂ ಲಾರಿ ಬರುವವರೆಗೆ ದಿನವೂ ಅದನ್ನು ಅವನು ನೋಡಲೇಬೇಕು, ಕೊಂಡವನ ಅಸಹನೆಯ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. ಅಗಲಿಕೆಯನ್ನು ನಿಶ್ಚಯಿಸಿಕೊಂಡ ಮೇಲೆ ಹೊರಡುವ ಬಂಡಿ ತಡವಾದರೆ ನಿಲ್ದಾಣದಲ್ಲಿ ನಿಂತವರ ಮನಸ್ಸು ಹೇಗಿರುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಅವನ ಪಾಡೂ ಅದೇ. ಇಂಥವನಿಗೆ ಸಾಗಣೆಯ ಜನ ಕೊಡಬಹುದಾದ ಅತಿ ಅಗ್ಗದ ವಸ್ತು, ಬರುವ ದಿನವನ್ನು ನಿಜವಾಗಿ ತಿಳಿಸುವ ಒಂದು ಮಾತು. ಯಾವ ದರದ ಪಟ್ಟಿಯಲ್ಲಿಯೂ ಅದನ್ನು ಬರೆದಿರುವುದಿಲ್ಲ.