ಫೋನಿನ ಮೂಲಕ ಬೆಲ್ಲ ಮಾರುವವರಿಗೆ



ಮಂಡ್ಯದ ಕಡೆ ಆಲೆಮನೆ ಇಟ್ಟವರು ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಸಾರ್, ಬೆಲ್ಲಾನ ಆನ್‌ಲೈನ್‌ನಲ್ಲಿ ಮಾರಬೇಕು. ಬೇಗ ಕುದುರೋ ದಾರಿ ಯಾವ್ದು ಹೇಳಿ." ಮಂಡಿಗೆ ಹಾಕಿದರೆ ಅಂದಿನ ಧಾರಣೆಗೆ ಕೈಮುಗಿದು ಬರಬೇಕು, ನೇರ ಬೆಂಗಳೂರಿನ ಮನೆಗಳಿಗೆ ಕಳಿಸಿದರೆ ನಾಲ್ಕು ಕಾಸು ಹೆಚ್ಚು ಸಿಕ್ಕೀತೆಂಬ ಆಸೆ. ಆಸೆ ತಪ್ಪಲ್ಲ. ಆದರೆ 'ಬೇಗ' ಎಂಬ ಮಾತಿಗೆ ಮರುಳಾಗಿ ನಾನೇ ಒಮ್ಮೆ ಎಡವಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಮ್ಮ ಹೋಬಳಿಯ ಒಂದು ಸ್ತ್ರೀಶಕ್ತಿ ಸಂಘದವರು ಬೆಲ್ಲದ ಪುಡಿ ಮಾಡುತ್ತಿದ್ದರು. ಪಟ್ಟಣದಿಂದ ಒಬ್ಬ ಗೃಹಸ್ಥರು ಬಂದರು. 30,000 ರೂಪಾಯಿ ಕೊಟ್ಟರೆ ವೆಬ್‌ಸೈಟ್ ಮಾಡಿ, ಹತ್ತು ಸಾವಿರ ಫಾಲೋವರ್‌ಗಳನ್ನು ಕೂಡಿಸಿ, ಮೂರೇ ತಿಂಗಳಲ್ಲಿ ದಿನಕ್ಕೆ ನೂರು ಆರ್ಡರ್ ತರಿಸುತ್ತೇವೆ ಎಂದರು. ಡಿಪ್ಲೊಮಾ ಓದಿದ ನಾನೂ ತಲೆಯಾಡಿಸಿದೆ. ಸಂಘದ ಉಳಿತಾಯ ಹೋಯಿತು. ಫಾಲೋವರ್‌ಗಳೇನೋ ಬಂದರು, ಯಾವ ದೇಶದವರೋ, ಬೆಲ್ಲದ ರುಚಿಯನ್ನೇ ಅರಿಯದವರು. ಆರು ತಿಂಗಳಲ್ಲಿ ಬಂದ ಆರ್ಡರ್ ನಾಲ್ಕು. ಅದರಲ್ಲಿ ಒಂದು ನನ್ನದೇ! ಆ ತಾಯಂದಿರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆಲೆಮನೆಯವರಿಗೆ ನಾನು ಹೇಳಿಕೊಡಬೇಕೆ? ಪಾಕ 118 ಡಿಗ್ರಿಯ ಸುತ್ತ ಬರುವ ಮುಂಚೆ ಕೊಪ್ಪರಿಗೆ ಇಳಿಸಿದರೆ ಅಚ್ಚು ಗಟ್ಟಿ ನಿಲ್ಲುವುದಿಲ್ಲ. ಬೆಂಡೆ ಗಿಡದ ಲೋಳೆ ಹಾಕಿ ತಾಳ್ಮೆಯಿಂದ ಮಡ್ಡಿ ತೆಗೆಯುವ ಬದಲು ಹೈಡ್ರೋಸ್ ಸುರಿದರೆ ಬಣ್ಣ ಹೊಳೆಯುತ್ತದೆ. ಇಟ್ಟಂತೆ ಕಪ್ಪಾಗುತ್ತದೆ, ಗಂಧಕದ ಅಂಶವೂ ಉಳಿಯುತ್ತದೆ. ಕೊಂಡ ಫಾಲೋವರ್‌ಗಳೂ ಇಂಥ ಹೈಡ್ರೋಸೇ ಎಂದು ನನಗೆ ಆಮೇಲೆ ಹೊಳೆಯಿತು.

ಹಾಗಾದರೆ ಏನು ಮಾಡಬೇಕು? ಮೊದಲು ಇಪ್ಪತ್ತು ಮನೆ ಹಿಡಿಯಿರಿ. ಮಗಳ ಮನೆಯ ಅಕ್ಕಪಕ್ಕದವರು, ಊರು ಬಿಟ್ಟು ಹೋದ ನೆಂಟರು, ಇಂಥವರೇ ಸಾಕು. ವಾಟ್ಸಾಪ್ ಒಂದಿದ್ದರೆ ಆಯಿತು, ವೆಬ್‌ಸೈಟಿಗೆ ಅವಸರವಿಲ್ಲ. ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ, ಬಣ್ಣ ತಿದ್ದಬೇಡಿ. ರಾಸಾಯನಿಕ ಹಾಕದ ಬೆಲ್ಲ ಕಂದು ಬಣ್ಣಕ್ಕೇ ಇರುವುದು. ಚಿನ್ನದ ಬಣ್ಣ ತೋರಿಸಿ ಕಂದು ಬೆಲ್ಲ ಕಳಿಸಿದರೆ ಆ ಮನೆಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ.

ತೂಕದ ಲೆಕ್ಕದಲ್ಲಿ ಜೋಪಾನ. ಒಂದು ಕಿಲೋ ಬೆಲ್ಲ ಡಬ್ಬಿ ಸೇರಿ 1,150 ಗ್ರಾಂ ಆದರೆ ಕೊರಿಯರ್‌ನವರು ಮುಂದಿನ ತೂಕದ ದರವನ್ನೇ ಹಿಡಿಯುವುದುಂಟು, ಲಾಭ ಅಲ್ಲೇ ಕರಗುತ್ತದೆ. ಅದರ ಬದಲು 850 ಗ್ರಾಮಿನ ಪೊಟ್ಟಣ ಕಟ್ಟಿ, ಅಷ್ಟೇ ಎಂದು ಮೇಲೆ ಬರೆಯಿರಿ. ಮಳೆಗಾಲದಲ್ಲಿ ಬೆಲ್ಲ ಗಾಳಿಯ ತೇವ ಎಳೆದುಕೊಂಡು ನೀರೊಡೆಯುತ್ತದೆ. ಗಾಳಿಯಾಡದ ದಪ್ಪ ಚೀಲ ಬೇಕೇ ಬೇಕು. ಚೀಟಿಯಲ್ಲಿ ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, ಎಂದಿನವರೆಗೆ ಬಳಸಬಹುದು, ನಿಮ್ಮ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರತಕ್ಕದ್ದು. ತೆರಿಗೆಯ ವಿಚಾರ ಆಡಿಟರನ್ನು ಕೇಳಿ, ನನ್ನನ್ನಲ್ಲ.

ಇನ್ನೊಂದು ಮಾತು. ನಿಮಗೆ ಬರಬೇಕಾದ ಹಣಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. "ದೊಡ್ಡ ಆರ್ಡರ್ ಇದೆ, ಪಿನ್ ಒತ್ತಿ ಹಣ ತಗೊಳ್ಳಿ" ಎಂದವನು ಕಳ್ಳ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಂದಹಾಗೆ ಆ ಸಂಘದವರು ಕೈಚೆಲ್ಲಲಿಲ್ಲ. ಹನ್ನೊಂದು ಮನೆಗಳಿಂದ ಮತ್ತೆ ಶುರುಮಾಡಿದರು. ಆಷಾಢದಲ್ಲಿ ಒಂದು ಪಾರ್ಸೆಲ್ ಒದ್ದೆಯಾಗಿ ಮುಟ್ಟಿತು. ಕೊಂಡ ತಾಯಿ ದೂರು ಹೇಳುವ ಮೊದಲೇ ಫೋಟೋ ಕೇಳಿ, ತಮ್ಮ ಖರ್ಚಿನಲ್ಲೇ ಬೇರೆ ಕಳಿಸಿದರು. ಆಕೆ ತಮ್ಮ ಬೀದಿಯ ಐದು ಮನೆ ಸೇರಿಸಿಕೊಟ್ಟರು. ಗೌರಿ ಹಬ್ಬಕ್ಕೆ ಬೇಡಿಕೆ ಏರಿ ಪುಡಿ ಮುಗಿದಾಗ, "ಪಕ್ಕದ ಆಲೆಮನೆಯಿಂದ ತಂದು ನಮ್ಮ ಚೀಟಿ ಅಂಟಿಸೋಣ" ಎಂದರಂತೆ ಒಬ್ಬರು. ಅಧ್ಯಕ್ಷೆ ಬಿಲ್ಕುಲ್ ಒಪ್ಪಲಿಲ್ಲ. "ಇಪ್ಪತ್ತು ದಿನ ತಾಳಿ" ಎಂದು ಎಲ್ಲರಿಗೂ ಸಂದೇಶ ಹಾಕಿದರು. ಇಬ್ಬರು ಬಿಟ್ಟುಹೋದರು. ಉಳಿದವರು ಕಾದರು. ಎರಡು ವರ್ಷ ತುಂಬಿದ ಮೇಲೆ ಈಗ ತೊಂಬತ್ತು ಮನೆ ಆಗಿವೆ. ಹೋದ 30,000ದಲ್ಲಿ ಅರ್ಧ ಉಳಿತಾಯಕ್ಕೆ ಮರಳಿದೆ.

ನೀವೂ ಶುರುಮಾಡುವುದಾದರೆ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಬರುವಾಗ ಒಂದು ಪೊಟ್ಟಣಕ್ಕೆ ಬೆಲ್ಲ, ಚೀಲ, ಡಬ್ಬಿ, ಕೊರಿಯರ್, ನಿಮ್ಮ ಕೂಲಿ, ಎಲ್ಲ ಸೇರಿ ಎಷ್ಟು ಬೀಳುತ್ತದೆಂದು ಒಂದು ಹಾಳೆಯಲ್ಲಿ ಬರೆದು ತನ್ನಿ. ಕೂತು ನೋಡೋಣ.